ಕನ್ನಡಕ ಒರೆಸಿದ, ಟ್ಯಾಂಕು ಒರೆಸಲಿಲ್ಲ

೧

ಈ ಕಥೆಯನ್ನು ಮಳೆಯಿಂದ ಶುರುಮಾಡಬಾರದು ಎಂದು ಮೊದಲೇ ನಿರ್ಧರಿಸಿದ್ದೆ. ಮಂಗಳೂರಿನ ಬಗ್ಗೆ ಬರೆಯುವ ನಾವೆಲ್ಲ ಮೊದಲ ಸಾಲಿನಲ್ಲೇ ಮಳೆ ಸುರಿಸಿಬಿಡುತ್ತೇವೆ, ಆಮೇಲೆ ಪಾತ್ರಗಳಿಗೆ ಕೊಡೆ ಹುಡುಕುತ್ತಾ ಕೂರುತ್ತೇವೆ. ಹಾಗಾದರೆ ಯುದ್ಧದಿಂದ ಶುರುಮಾಡಲೇ?

‘ಅತ್ತಾವರದ ಒಂದು ಮನೆಯ ಊಟದ ಮೇಜಿನ ಮೇಲೆ ಹನ್ನೆರಡು ಟ್ಯಾಂಕುಗಳು ನದಿ ದಾಟಲು ಕಾಯುತ್ತಿದ್ದವು.’

ವಾಕ್ಯ ಪರವಾಗಿಲ್ಲ. ಆದರೆ ಊಟದ ಮೇಜಿನ ಮೇಲೆ ಟ್ಯಾಂಕು ಹೇಗೆ ಬಂತು ಎಂದು ನೀವು ಕೇಳುತ್ತೀರಿ. ವಿವರಿಸಿದರೆ ವಾಕ್ಯದ ಗತ್ತು ಹೋಗುತ್ತದೆ. ವಿವರಿಸದಿದ್ದರೆ ನೀವೇ ಎದ್ದು ಹೋಗುತ್ತೀರಿ.

(ಗತ್ತು ಹೋಗಲಿ. ನೀವು ಕೂತುಕೊಳ್ಳಿ.)

ಇವು ಹೆಬ್ಬೆರಳಿನಷ್ಟು ಉದ್ದದ, ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಮತ್ತು ಲೋಹದ ಟ್ಯಾಂಕುಗಳು. ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಒಂದು ಸೈನ್ಯ ಕಟ್ಟಬೇಕು. ಆಮೇಲೆ ಮೇಜಿನ ಮೇಲೆ ಗುಡ್ಡ, ನದಿ, ಸೇತುವೆ ಮಾಡಿ, ಟೇಪಿನಿಂದ ಅಳೆದು ಟ್ಯಾಂಕುಗಳನ್ನು ಸರಿಸಿ, ಗುಂಡು ತಾಗಿತೋ ಇಲ್ಲವೋ ಎಂದು ದಾಳ ಹಾಕಿ ನೋಡಬೇಕು. ದೊಡ್ಡವರು ಆಡುವ ಆಟ. ಇದನ್ನು ಆಡುವವರು ಈ ಊರಿನಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ನನ್ನ ಕಥೆಯಲ್ಲಿ ಇಬ್ಬರು.

೨

ಒಬ್ಬ ಅಶ್ವಿತ್. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಬಯೋಕೆಮಿಸ್ಟ್. ಅಳೆಯದೆ ಉಪ್ಪನ್ನೂ ಹಾಕುವವನಲ್ಲ. ತಾಯಿ ಗುಣವತಿಯ ಜೊತೆ ಅತ್ತಾವರದಲ್ಲಿದ್ದಾನೆ, ಮೇಜು ಅವರದ್ದು. ಇನ್ನೊಬ್ಬ ಶಫೀಕ್. ಬಿಎಸ್ಸಿಯಲ್ಲಿ ಅಶ್ವಿತನ ಪಕ್ಕದ ಬೆಂಚಿನವನು, ಈಗ ಕುದ್ರೋಳಿಯಲ್ಲಿ ಹಗ್ಗ, ಬಲೆ, ಟಾರ್ಪಾಲು ಮಾರುವ ಮನೆತನದ ಅಂಗಡಿ ನಡೆಸುತ್ತಾನೆ. ಇಬ್ಬರೂ ತಮ್ಮೊಳಗೆ ಮಾತಾಡುವುದು ತುಳು. ನಾನು ಕನ್ನಡದಲ್ಲಿ ಬರೆಯುತ್ತೇನೆ. ನಡುವೆ ಎಲ್ಲಾದರೂ ತುಳು ಕೇಳಿಸಿದರೆ ಅದು ಅವರ ಹಕ್ಕು.

ನಿಜವಾದ ಯಾವ ದೇಶದ ಯುದ್ಧವನ್ನೂ ಆಡಬಾರದು ಎಂಬುದು ಅವರ ಮೊದಲ ನಿಯಮ. ಮೇಜಿನ ಮೇಲಿನ ನೇತ್ರಾವತಿಯ ಉತ್ತರದ ದಂಡೆ ಶಫೀಕನದು, ದಕ್ಷಿಣದ್ದು ಅಶ್ವಿತನದು. ಪೊದೆಗಳು ತೆಂಗಿನ ನಾರಿನವು, ಮಣ್ಣು ಕೆಂಪುಕಲ್ಲನ್ನು ಕುಟ್ಟಿದ ಪುಡಿ. ಶಫೀಕನ ಟ್ಯಾಂಕುಗಳ ಚಕ್ರಗಳಲ್ಲೂ ಅದೇ ಕೆಂಪು ಕೆಸರು. ಬೇರೆ ಯಾವ ಊರಿನ ಟ್ಯಾಂಕೂ ಇಷ್ಟು ಚೆನ್ನಾಗಿ ಕೊಳಕಾಗಿರುವುದಿಲ್ಲ.

ಎರಡನೆಯ ನಿಯಮ: ಮೇಜಿನಿಂದ ಕೆಳಗೆ ಬಿದ್ದ ದಾಳವನ್ನು ಎತ್ತಿ ಮತ್ತೆ ಹಾಕುವಂತಿಲ್ಲ. ಬಿದ್ದಲ್ಲೇ ಹೋಗಿ, ಬಗ್ಗಿ, ಓದಬೇಕು. ಬೇರೆಯವರು ಇದನ್ನು ಒಪ್ಪುವುದಿಲ್ಲ. ಆದರೆ ಶಫೀಕ್ ಒಮ್ಮೆ ಕುರ್ಚಿಯ ಕಾಲಿನ ಹತ್ತಿರ ಸಿಕ್ಕ ಆರರಿಂದ ಗೆದ್ದವನು. ಅಂದಿನಿಂದ ಇದು ಕಾನೂನು.

(ಈ ನಿಯಮ ನೆನಪಿರಲಿ. ಒಳ್ಳೆಯ ಕಥೆಗಾರರು ಇದನ್ನು ನಿಮಗೆ ಹೇಳುವುದಿಲ್ಲ. ಸುಮ್ಮನೆ ನೆಟ್ಟು ಮುಂದೆ ಹೋಗುತ್ತಾರೆ.)

೩

ಈಗ ಕಥೆಗೊಂದು ತೊಂದರೆ ಬೇಕು. ಶಫೀಕನ ಬಲಗೈ ನಡುಗಲು ಶುರುವಾಗಿದೆ ಎಂದು ಬರೆದೆ. ಪ್ರಾಣಕ್ಕೆ ಅಪಾಯವೇನಿಲ್ಲ. ಚಹಾದ ಗ್ಲಾಸು ಹಿಡಿಯುತ್ತಾನೆ, ಸ್ಕೂಟರ್ ಓಡಿಸುತ್ತಾನೆ, ಹಗ್ಗ ಅಳೆದು ಕೊಡುತ್ತಾನೆ. ನಾಲ್ಕು ಕೂದಲಿನ ಕುಂಚ ಹಿಡಿದಾಗ ಮಾತ್ರ ಕೈ ಮಾತು ಕೇಳುವುದಿಲ್ಲ. ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಿದೆ, ಬಣ್ಣ ಹಚ್ಚುವಷ್ಟಲ್ಲ.

ಹನ್ನೆರಡನೆಯ ಟ್ಯಾಂಕನ್ನು ಮುಗಿಸುವ ಹೊತ್ತಿಗೆ ನಡುಕ ಶುರುವಾಗಿತ್ತು. ಅದರ ಫಿರಂಗಿ ಹೊತ್ತ ಗೋಪುರದ ಪಕ್ಕದಲ್ಲಿ ಅವನು ಬಿಳಿ ಬಣ್ಣದಲ್ಲಿ ತನ್ನ ತಾಯಿಯ ಹೆಸರು ಬರೆದ: ಹಲೀಮಾ. ಸಾಸಿವೆಗಿಂತ ಚಿಕ್ಕ ಅಕ್ಷರಗಳು. ಉಸಿರು ಬಿಗಿಹಿಡಿದು ಬರೆದರೂ ಕೊನೆಯ ಅಕ್ಷರ ನೀರಿನಲ್ಲಿ ಕಂಡ ಹಾಗೆ ಅಲುಗಿದೆ. ಮನೆಯಲ್ಲಿ ಕೇರಂ ಬೋರ್ಡಿನ ಮೇಲೆ ತೂಗುವ ದೀಪದ ಕೆಳಗೆ ಅದನ್ನು ತಾಯಿಗೆ ತೋರಿಸಿದಾಗ ಅವರು, ತೋಪಿನ ಗಾಡಿಗೆ ಯಾರಾದರೂ ತಾಯಿಯ ಹೆಸರಿಡುತ್ತಾರಾ, ಒಂದು ದೋಣಿಗಾದರೂ ಇಡಬಾರದಿತ್ತಾ ಎಂದು ಕೇಳಿದರಂತೆ.

ಅದೇ ವಾರ ಶಫೀಕ್ ಗೆಳೆಯನಿಗೆ ಹೇಳಿದ, “ಈ ಹನ್ನೆರಡು ಆಯ್ತು. ಇವುಗಳಿಂದ ಒಂದು ಯುದ್ಧ ಆಡುವ. ಅದು ಮುಗಿದ ಮೇಲೆ ನಾನು ಆಟ ಬಿಡ್ತೇನೆ. ಕೈಯಲ್ಲಿ ಬಣ್ಣ ಹಚ್ಚಲಿಕ್ಕೆ ಆಗದೆ ಬರೀ ಸರಿಸುವುದು ಎಂತದ್ದು?”

ಟ್ಯಾಂಕುಗಳನ್ನು ಕೊಡು, ಬಣ್ಣ ಉದುರದ ಹಾಗೆ ಮೇಲೊಂದು ವಾರ್ನಿಷ್ ಹೊಡೆದು ಇಡುತ್ತೇನೆ ಎಂದ ಅಶ್ವಿತ್, ಅಷ್ಟೆ.

ಇಲ್ಲಿಗೆ ಬಂದಾಗ ಶಫೀಕ್ ನನ್ನನ್ನೇ ತಡೆದ.

“ಮಾರಾಯ್ರೆ, ನಿಮಗೆ ಬೇರೆ ಎಂತದೂ ಸಿಗ್ಲಿಲ್ವಾ? ನನ್ನ ಕೈಯೇ ಬೇಕಿತ್ತಾ? ಅಂಗಡಿಗೆ ನೀರು ನುಗ್ಗಿಸಿ ಬೇಕಾದ್ರೆ. ಕೈ ಬಿಡಿ.”

ಅವನ ಮಾತು ಸರಿಯೆನಿಸಿ ನಡುಕವನ್ನು ಹೊಡೆದುಹಾಕಿದೆ. ಕೈ ಗಟ್ಟಿಯಾಯಿತು, ಕಥೆ ಸತ್ತಿತು. ಯಾಕೆಂದರೆ ಮುಂದೆ ಈ ಟ್ಯಾಂಕುಗಳು ಹಾಳಾಗಲಿವೆ, ಮತ್ತು ಕೈ ಸರಿಯಿದ್ದವನು ಕೂತು ಮತ್ತೆ ಬಣ್ಣ ಹಚ್ಚುತ್ತಾನೆ. ನಾಚಿಕೆಯಿಂದಲೇ ನಡುಕವನ್ನು ವಾಪಸು ಬರೆದೆ.

“ಆಯ್ತು, ಇರ್ಲಿ,” ಎಂದ ಶಫೀಕ್. “ಕಣ್ಣೀರು ಮಾತ್ರ ಹಾಕಿಸ್ಬೇಡಿ. ಮತ್ತೆ, ದಾಳ ಹಾಕ್ಲಿಕ್ಕೆ ನಡುಗುವ ಕೈಯೇ ಒಳ್ಳೇದು. ಕುಲುಕುವ ಕೆಲಸ ಉಳೀತದೆ.”

೫

(ನಾಲ್ಕನೆಯ ಭಾಗದಲ್ಲಿ ಕಣ್ಣೀರಿತ್ತು. ಶಫೀಕ್ ತೆಗೆಸಿದ.)

ಜುಲೈ. ಕ್ಷಮಿಸಿ, ಮಳೆ ಬಂದೇಬಿಟ್ಟಿತು. ಅದಿಲ್ಲದೆ ಈ ತಪ್ಪು ನಡೆಯುವುದಿಲ್ಲ.

ತೇವವಿರುವ ಗಾಳಿಯಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದರೆ ಅದು ಬಿಳಿಚಿಕೊಳ್ಳುತ್ತದೆ ಎಂದು ಅಶ್ವಿತನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಟ್ಯಾಂಕುಗಳನ್ನು ಸ್ಟೀಲಿನ ಹರಿವಾಣದಲ್ಲಿ ಸಾಲಾಗಿಟ್ಟು ಎಸಿ ರೂಮಿನಲ್ಲಿ ಎರಡು ದಿನ ಒಣಗಿಸಿದ. ಮಳೆ ಬಿಟ್ಟು ಬಿಸಿಲು ಬರುವ ತನಕ ಕಾದ. ಎಸಿ ರೂಮಿನೊಳಗೆ ಸ್ಪ್ರೇ ಮಾಡಿದರೆ ವಾಸನೆ ತುಂಬಿ ತಾಯಿಗೆ ತಲೆನೋವು ಬರುತ್ತದೆ. ಹಾಗಾಗಿ ಹರಿವಾಣ ಹಿಡಿದು ನೇರ ಮನೆಯ ಮುಂದಿನ ಸಿಟ್‌ಔಟಿಗೆ ಬಂದ. ಬಂದ ಕೂಡಲೇ ಅವನ ಕನ್ನಡಕಕ್ಕೆ ಮಂಜು ಕವಿಯಿತು. ಎಸಿಯಿಂದ ಹೊರಗೆ ಬಂದ ಯಾರದ್ದಾದರೂ ಕವಿಯುತ್ತದೆ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡು, ಡಬ್ಬಿ ಕುಲುಕಿ, ಸ್ಪ್ರೇ ಮಾಡಿದ.

ಟ್ಯಾಂಕುಗಳೂ ಕನ್ನಡಕದಷ್ಟೇ ತಣ್ಣಗಿದ್ದವು.

ಸ್ವಲ್ಪ ಹೊತ್ತಿನಲ್ಲಿ ಹಸಿರು ಮಾಸಿತು. ಕೆಂಪು ಕೆಸರು ಮಾಸಿತು. ಹನ್ನೆರಡೂ ಟ್ಯಾಂಕುಗಳು ಬೂದಿ ಬಳಿದ ಹಾಗೆ ಬೆಳ್ಳಗಾದವು. ಬಿಳಿಯ ಮೇಲೆ ಬಿಳಿ ಅಕ್ಷರ ಕಾಣಿಸುವುದೆಲ್ಲಿಂದ? ಹಲೀಮಾ ಇರಲಿಲ್ಲ.

೬

“ಇದನ್ನು ನಾನು ಒಪ್ಪುವುದಿಲ್ಲ,” ಎಂದ ಅಶ್ವಿತ್. “ನೀವೇ ನನ್ನನ್ನು ಉಪ್ಪು ಅಳೆಯುವವ ಅಂತ ಬರೆದದ್ದು. ಅಂಥವ ಇಷ್ಟು ಸಣ್ಣ ವಿಷಯ ಮರೀತಾನಾ?”

ಅಜಾಗ್ರತೆಯಿಂದ ಆದದ್ದಲ್ಲ ಮಾರಾಯ ಎಂದೆ. ಒಣಗಿಸದೆ ಹಾಗೇ ಸ್ಪ್ರೇ ಮಾಡಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲ. ಜಾಸ್ತಿ ಜಾಗ್ರತೆ ಮಾಡಿದ್ದರಿಂದಲೇ ಆದದ್ದು. ಅವು ನಿನ್ನ ಟ್ಯಾಂಕುಗಳಾಗಿದ್ದರೆ ಎರಡು ದಿನ ಎಸಿಯಲ್ಲಿ ಇಡುತ್ತಿದ್ದೆಯಾ?

ಇಲ್ಲ ಎಂದ. ಆಮೇಲೆ ಜಗಳ ಮಾಡಲಿಲ್ಲ.

ಕರಡು ಒಂದು (ಕೈಬಿಟ್ಟದ್ದು): ಅಶ್ವಿತ್ ಗುಟ್ಟಾಗಿ ಎಲ್ಲ ಬಣ್ಣ ಕಿತ್ತು ಹೊಸದಾಗಿ ಹಚ್ಚುತ್ತಾನೆ. ಅವನ ಕೈ ಗಟ್ಟಿ, ಶಫೀಕನ ಶೈಲಿಯೂ ಗೊತ್ತು. ಮೂರು ಪುಟ ಬರೆದೆ. ಹೆಸರು ಬರೆಯುವ ಜಾಗಕ್ಕೆ ಬಂದಾಗ ಅಶ್ವಿತ್ ಕುಂಚ ಕೆಳಗಿಟ್ಟ. ಕೊನೆಯ ಅಕ್ಷರವನ್ನು ನೆಟ್ಟಗೆ ಬರೆದರೆ ಸುಳ್ಳು, ಬೇಕೆಂದೇ ನಡುಗಿಸಿ ಬರೆದರೆ ಗೆಳೆಯನನ್ನು ಅಣಕಿಸಿದ ಹಾಗೆ, ನೀವೇ ಬರೆದುಕೊಳ್ಳಿ ಎಂದ. ನನ್ನ ಕೈಯಲ್ಲೂ ಆಗಲಿಲ್ಲ.

ಕರಡು ಎರಡು: ಹಿಮ. ಬಿಳಿಚಿದ ಟ್ಯಾಂಕುಗಳನ್ನು ನೋಡಿ ಶಫೀಕ್, ನೇತ್ರಾವತಿಯಲ್ಲಿ ಹಿಮ ಬಿದ್ದಿದೆ ಎಂದು ಘೋಷಿಸುತ್ತಾನೆ. ಮೇಜಿಗೆ ಹತ್ತಿ ಹಾಸುತ್ತಾರೆ. ಚಂದದ ಅಂತ್ಯ, ಪತ್ರಿಕೆಯ ಸಂಪಾದಕರಿಗೂ ಇಷ್ಟವಾದೀತು. ಆದರೆ ಕೆಂಪು ಕೆಸರನ್ನು ಅಷ್ಟು ಪ್ರೀತಿಯಿಂದ ಹಚ್ಚಿದವನು ಹಿಮಕ್ಕೆ ಒಪ್ಪಿದರೆ, ಅದು ನನ್ನ ಶಫೀಕ್ ಅಲ್ಲ.

ಕರಡು ಮೂರಕ್ಕೆ ನನ್ನ ಕೆಮಿಸ್ಟ್ರಿ ಸಹಾಯಕ್ಕೆ ಬಂತು. ಬಿಳಿಪು ಬಣ್ಣವಲ್ಲ. ವಾರ್ನಿಷಿನಲ್ಲಿ ತೇವದಿಂದಾದ ಸಣ್ಣಸಣ್ಣ ಗುಳಿಗಳು ಬೆಳಕನ್ನು ಚೆದುರಿಸುತ್ತವೆ, ಅಷ್ಟೆ. ಗುಳಿಗಳಲ್ಲಿ ಎಣ್ಣೆ ತುಂಬಿದರೆ ಬೆಳಕು ಒಳಗೆ ಹೋಗಿ ಹಸಿರನ್ನು ಮುಟ್ಟಿ ಬರುತ್ತದೆ. ಒದ್ದೆಯಾದ ಕಾಗದದಲ್ಲಿ ಆಚೆಯ ಅಕ್ಷರ ಕಾಣುವುದಿಲ್ಲವೇ, ಹಾಗೆ. ಅಶ್ವಿತನಿಗೂ ಇದು ಹೊಳೆದಿತ್ತು. ಆದರೆ ಅವನು ಮೊದಲು ಮಾಡಿದ್ದೇನು ಗೊತ್ತೇ? ತನ್ನ ಸೈನ್ಯದ ನಾಯಕ ಟ್ಯಾಂಕನ್ನು ಎಸಿಯಲ್ಲಿಟ್ಟು, ಹೊರಗೆ ತಂದು, ಬೇಕೆಂದೇ ಅದೇ ರೀತಿ ಹಾಳುಮಾಡಿ, ಅದಕ್ಕೆ ತೆಂಗಿನೆಣ್ಣೆ ಹಚ್ಚಿ ನೋಡಿದ. ಹಸಿರು ಬಂತು. ಗುಣವತಿ ಅಮ್ಮ ಅಡುಗೆಮನೆಯಿಂದ, ಇನ್ನು ಇರುವೆ ಬಂದು ನಿನ್ನ ಸೈನ್ಯವನ್ನು ಹೊತ್ತುಕೊಂಡು ಹೋಗಲಿ ಎಂದರು.

ಉಳಿದವಕ್ಕೂ ಹಚ್ಚಿ ಮುಗಿಸು, ಶಫೀಕನಿಗೆ ಗೊತ್ತೇ ಆಗುವುದಿಲ್ಲ ಎಂದೆ.

“ಅವನ ಟ್ಯಾಂಕು. ಅವನನ್ನು ಕೇಳದೆ ಇನ್ನೊಮ್ಮೆ ಮುಟ್ಟುವುದಿಲ್ಲ,” ಎಂದ ಅಶ್ವಿತ್.

೭

ಆದಿತ್ಯವಾರ ಮಧ್ಯಾಹ್ನ. ಎಸಿ ಬಂದ್, ಕಿಟಕಿಗಳೆಲ್ಲ ತೆರೆದಿವೆ, ಎಲ್ಲರೂ ಬೆವರುತ್ತಿದ್ದಾರೆ. ಮೇಜಿನ ಮೇಲೆ ನೇತ್ರಾವತಿ, ಅದರ ಉತ್ತರ ದಂಡೆಯಲ್ಲಿ ಹರಿವಾಣದ ತುಂಬ ಬಿಳಿ ಟ್ಯಾಂಕುಗಳು. ಶಫೀಕ್ ಚಪ್ಪಲಿ ಬಿಟ್ಟು ಒಳಗೆ ಬಂದವನು ನಿಂತ.

(ಇಲ್ಲಿ ನಾನೂ ನಿಂತೆ. ಅವನು ತಿರುಗಿ ಹೊರಟುಹೋಗಬಹುದಿತ್ತು. ಆ ವಾಕ್ಯವೂ ಬರೆದು ಸಿದ್ಧವಿತ್ತು.)

“ಎಂತ ಇದು, ಪೌಡರ್ ಹಾಕಿ ಕೂರಿಸಿದ್ದಾ?”

ಅಶ್ವಿತ್ ಎಸಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಯಾವುದನ್ನೂ ಬಿಡಲಿಲ್ಲ, ಕನ್ನಡಕವನ್ನೂ.

“ಕನ್ನಡಕ ಒರೆಸಿದೆ,” ಎಂದ ಶಫೀಕ್ ನಿಧಾನವಾಗಿ, “ಟ್ಯಾಂಕು ಒರೆಸ್ಲಿಲ್ಲ.”

“ಇಲ್ಲ.”

“ಬಿಎಸ್ಸಿಯಲ್ಲಿ ನಿನ್ನದು ನೋಡಿ ಬರೆದದ್ದಲ್ವಾ ನಾನು. ಪಾಸಾದದ್ದೇ ದೊಡ್ಡದು.”

ಆದರೆ ನಗಲಿಲ್ಲ. ಹನ್ನೆರಡನೆಯ ಟ್ಯಾಂಕನ್ನು ಎತ್ತಿಕೊಂಡು, ಹೆಸರಿದ್ದ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಟ್ಯಾಂಕು ಅವನ ಬೆರಳುಗಳಲ್ಲಿ ನಡುಗುತ್ತಿತ್ತು. ಗುಣವತಿ ಅಮ್ಮ ಚಹಾ ತಂದವರು ಅಲ್ಲಿಯೇ ಉಳಿದರು. ಅಶ್ವಿತ್ ಎಣ್ಣೆಯ ಬಟ್ಟಲನ್ನು ಅವನ ಕಡೆ ಸರಿಸಿ, ಹಸಿರಿಗೆ ಮರಳಿದ ತನ್ನ ನಾಯಕ ಟ್ಯಾಂಕನ್ನು ಪಕ್ಕದಲ್ಲಿಟ್ಟ.

ಶಫೀಕ್ ಎರಡನ್ನೂ ನೋಡಿದ. “ಇದಕ್ಕೆ ಕೈ ನಡುಗಿದ್ರೆ?”

“ನಡುಗಿದ್ರೆ ಸಂದಿಗೆಲ್ಲ ಹೋಗ್ತದೆ. ಒಳ್ಳೇದೇ.”

ಅವನು ಕುಂಚವನ್ನು ಎಣ್ಣೆಯಲ್ಲಿ ಅದ್ದಿದ. ಎಷ್ಟೋ ವಾರಗಳ ಮೇಲೆ ಅವನ ಕೈಗೆ ಕುಂಚ ಬಂದದ್ದು. ಅದು ಅಲ್ಲಿ ಇಲ್ಲಿ ತಾಗಿತು, ಗುರಿ ತಪ್ಪಿತು, ಬೆರಳಿಗೂ ಬಳಿಯಿತು. ಎಣ್ಣೆಗೆ ಯಾವ ತಕರಾರೂ ಇರಲಿಲ್ಲ. ತಾಗಿದಲ್ಲೆಲ್ಲ ಹಸಿರು ಎದ್ದಿತು. ಚಕ್ರದಲ್ಲಿ ಕೆಂಪು ಕೆಸರು ಬಂತು. ಆಮೇಲೆ ಹಸಿರಿನ ಮೇಲೆ ಒಂದು ‘ಹ’, ಅದರ ಹಿಂದೆ ಉಳಿದವು, ಕೊನೆಗೆ ಅಲುಗಿದ ಆ ಕೊನೆಯ ಅಕ್ಷರ, ಅಲುಗಿದ ಹಾಗೆಯೇ.

“ಬಂದ್ರು,” ಎಂದ ಶಫೀಕ್.

ಉಳಿದ ಹನ್ನೊಂದಕ್ಕೂ ಅವನೇ ಹಚ್ಚಿದ. ಯಾರಿಗೂ ಮುಟ್ಟಲು ಬಿಡಲಿಲ್ಲ. ಎರಡರ ಮೂಲೆಯಲ್ಲಿ ಬಿಳಿ ಹಾಗೇ ಉಳಿಯಿತು. ಇಡೀ ಮನೆ ತಲೆಗೆ ಎಣ್ಣೆ ಹಚ್ಚಿಕೊಂಡವರ ವಾಸನೆಯಿಂದ ತುಂಬಿತು.

೮

ಇಲ್ಲಿ ಮುಗಿಸಬಹುದಿತ್ತು. ಆದರೆ ಯುದ್ಧ ಆಗಲಿಲ್ಲವಲ್ಲ. ಮತ್ತೆ, ಈ ಯುದ್ಧ ಮುಗಿದರೆ ಆಟ ಬಿಡುತ್ತೇನೆ ಎಂದು ಶಫೀಕ್ ಹೇಳಿದ್ದು ನಿಮಗೂ ನೆನಪಿದೆ, ಅಶ್ವಿತನಿಗೂ ನೆನಪಿದೆ.

ಯುದ್ಧ ನಡೆಯಿತು. ಸಂಜೆಯ ಹೊತ್ತಿಗೆ ದಕ್ಷಿಣ ದಂಡೆಯಲ್ಲಿ ಅಶ್ವಿತನ ನಾಯಕ ಟ್ಯಾಂಕು ಒಂದೇ ಉಳಿಯಿತು, ಅದರ ಎದುರಿಗೆ ಸೇತುವೆಯ ಮೇಲೆ ಶಫೀಕನ ಕೊನೆಯ ಟ್ಯಾಂಕು ಹಲೀಮಾ. ಇಬ್ಬರೂ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿದ್ದರು. ಶಫೀಕನ ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬಿದ್ದರೆ ಗುಂಡು ತಾಗಿ ಯುದ್ಧ ಮುಗಿಯುತ್ತದೆ. ಕಡಿಮೆ ಬಿದ್ದರೆ ಅಶ್ವಿತನ ಸರದಿ, ಮತ್ತು ಇಷ್ಟು ಹತ್ತಿರದಿಂದ ಅವನ ಗುಂಡು ತಪ್ಪುವುದಿಲ್ಲ. ಹೇಗಾದರೂ ಮುಗಿಯುತ್ತದೆ.

ಶಫೀಕನ ಎಣ್ಣೆಕೈಯಿಂದ ದಾಳ ಜಾರಿತು. ಮೇಜಿನ ಅಂಚಿಗೆ ಬಡಿದು, ನೆಲದಲ್ಲಿ ಉರುಳಿ, ಫ್ರಿಜ್ಜಿನ ಅಡಿಗೆ ಹೋಯಿತು.

ಬಿದ್ದಲ್ಲೇ ಹೋಗಿ, ಬಗ್ಗಿ, ಓದಬೇಕು.

ಯಾರೂ ಬಗ್ಗಲಿಲ್ಲ. ನನಗೆ ಸೊಂಟನೋವು ಎಂದ ಅಶ್ವಿತ್. ಅವನಿಗೆ ಸೊಂಟನೋವಿಲ್ಲ, ನಾನು ಎಲ್ಲಿಯೂ ಬರೆದಿಲ್ಲ. ಟಾರ್ಚು ಇಲ್ಲ ಎಂದ ಶಫೀಕ್, ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು. ಬರುವ ಆದಿತ್ಯವಾರ ನೋಡುವ ಎಂದರು.

ಬೇಕಾದರೆ ನಾನೇ ನೋಡಬಹುದು. ಫ್ರಿಜ್ಜು ನನ್ನದು, ದಾಳ ನನ್ನದು, ಅಡಿಯ ಧೂಳೂ ನನ್ನದೇ. ಒಂದು ವಾಕ್ಯ ಬಗ್ಗಿದರೆ ಸಾಕು. ಐದು ಎಂದು ಬರೆದೆ, ಹೊಡೆದೆ. ಎರಡು ಎಂದು ಬರೆದೆ. ಆಗ ಶಫೀಕ್ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ ತಿರುಗಿ ನೋಡಿದ.

“ಅದು ಅಲ್ಲೇ ಇರ್ಲಿ ಮಾರಾಯ್ರೆ.”

ಹೊಡೆದುಹಾಕಿದೆ.

ಅದಾಗಿ ಎಷ್ಟೋ ಆದಿತ್ಯವಾರಗಳು ಕಳೆದಿವೆ. ಶಫೀಕ್ ಬರುತ್ತಾನೆ, ಎಣ್ಣೆ ಆರಿದ ಟ್ಯಾಂಕುಗಳಿಗೆ ಮತ್ತೊಮ್ಮೆ ಎಣ್ಣೆ ಹಚ್ಚುತ್ತಾನೆ. ಇಬ್ಬರೂ ಫ್ರಿಜ್ಜಿನಿಂದ ತಣ್ಣೀರು ತೆಗೆದು ಕುಡಿಯುತ್ತಾರೆ, ಕೆಳಗೆ ನೋಡುವುದಿಲ್ಲ. ಮೇಜು ಯುದ್ಧದಲ್ಲಿರುವುದರಿಂದ ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾರೆ. ಇದಕ್ಕೆ ಗುಣವತಿ ಅಮ್ಮ ದಿನವೂ ಬೈಯುತ್ತಾರೆ.

ಅವರು ಮನೆಯನ್ನು ಈಗಲೂ ಮೂಲೆಮೂಲೆ ಬಿಡದೆ ಗುಡಿಸುತ್ತಾರೆ. ಫ್ರಿಜ್ಜಿನ ಹತ್ತಿರ ಬಂದಾಗ ಮಾತ್ರ ಪೊರಕೆಯನ್ನು ಸ್ವಲ್ಪ ಎತ್ತುತ್ತಾರೆ.