ಭಾವನ ಮೌನಕ್ಕೆ ಮೂರು ವೇಗ

ಪತ್ರಿಕೆಯಲ್ಲಿ ಬಂದ ಪುಟ್ಟ ವಿಮರ್ಶೆಯ ಬಹುಪಾಲು ನಾಟಕ ಎಷ್ಟು ಉದ್ದವಾಯಿತು ಎಂಬ ಬಗ್ಗೆಯೇ ಇತ್ತು. ಗುಬ್ಬಿಯ ಭಾವನ ಪಾಲಿಗೆ ಬಂದದ್ದು ಕೊನೆಯ ಒಂದು ವಾಕ್ಯ: ‘ಕದ ತಟ್ಟುವ ಸದ್ದಿಗೆ ಮೊದಲಿನ ಆ ಮೌನವೇ ಇಡೀ ನಾಟಕದ ಅತ್ಯುತ್ತಮ ಮಾತು.’ ಭಾವ ಉಳಿದದ್ದನ್ನೆಲ್ಲ ಕತ್ತರಿಸಿ ಎಸೆದು, ಆ ವಾಕ್ಯವನ್ನು ಮಾತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಅವರ ಸಂತೋಷಕ್ಕೆ ಕಾರಣವಿತ್ತು. ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹಗಲೆಲ್ಲ ಕಲಿಯುವವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವುದು, ಸಂಜೆ ಹೆಂಡತಿ, ಅಂದರೆ ಗುಬ್ಬಿಯ ಅಕ್ಕ, ನಡೆಸುವ ಹವ್ಯಾಸಿ ತಂಡದಲ್ಲಿ ನಟಿಸುವುದು. ತಂಡ ಶುರುವಾದಾಗಿನಿಂದ ಇದ್ದರೂ ಅವರ ನಟನೆಯ ಬಗ್ಗೆ ಯಾರೂ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಹೇಳಿದ್ದಿಲ್ಲ. ಈಗ ಹೊಗಳಿಕೆ ಬಂದದ್ದೇ ತಡ, ಮೌನ ಅವರ ಮೈಗೆ ಹತ್ತಿಬಿಟ್ಟಿತು. ಇನ್ನೊಂದು ಲೋಟ ಚಹಾ ಬೇಕೇ ಎಂದು ಕೇಳಿದರೆ ಕಿಟಕಿಯಾಚೆ ದೃಷ್ಟಿ ನೆಟ್ಟು ಕೂರುವರು. ಚಹಾ ಆರಿದ ಮೇಲೆ, ‘ಬೇಡ’ ಎನ್ನುವರು. ಅಕ್ಕ ಮೂರು ದಿನ ಸಹಿಸಿಕೊಂಡು, ನಾಲ್ಕನೆಯ ದಿನದಿಂದ ಕೇಳುವುದನ್ನೇ ಬಿಟ್ಟಳು.

ತಂಡದಲ್ಲಿ ಆ ಮೌನದ ಹುಟ್ಟು ಗೊತ್ತಿದ್ದವಳು ಅಕ್ಕನ ತಂಗಿ ಗುಬ್ಬಿ ಒಬ್ಬಳೇ. ಚಿಕ್ಕಂದಿನಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲ ಎಂದು ಬಂದ ಹೆಸರು ಅದು. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ನಾಟಕದ ದಿನ ರಂಗದ ಎಡಪಕ್ಕದ ಮರೆಯಲ್ಲಿ ಪುಟ್ಟ ಮೇಜು, ಅದರ ಮೇಲೆ ತಂಡದ ಹಳೆಯ ಲ್ಯಾಪ್‌ಟಾಪ್. ದೀಪ, ಸದ್ದು ಎರಡೂ ಅದರಿಂದಲೇ. ನಾಟಕ, ಜಗಳವಾಡಿ ದೂರವಾದ ಅಣ್ಣತಮ್ಮಂದಿರ ಕಥೆ. ಭಾವನದು ಅಣ್ಣನ ಪಾತ್ರ, ತಂಡದ ಔಷಧಿ ಅಂಗಡಿಯವನದು ತಮ್ಮನ ಪಾತ್ರ. ಕೊನೆಯ ದೃಶ್ಯದಲ್ಲಿ ಅಣ್ಣ ಒಬ್ಬನೇ ಕೂತು ‘ಇನ್ನು ಅವನು ಬರೋದಿಲ್ಲ’ ಎನ್ನುತ್ತಾನೆ. ಗುಬ್ಬಿ ಕೀಬೋರ್ಡಿನ ಒಂದು ಕೀಲಿ ಒತ್ತುತ್ತಾಳೆ. ಗಾಳಿ ಬೀಸಬೇಕು, ದೀಪ ಇಳಿಯಬೇಕು, ಕದ ತಟ್ಟಿದ ಸದ್ದಾಗಬೇಕು. ಮೂರೂ ಒಟ್ಟಿಗೆ.

ಮೊದಲ ಪ್ರದರ್ಶನದ ದಿನ ಅವಳು ಕೀಲಿ ಒತ್ತಿದಳು. ಏನೂ ಆಗಲಿಲ್ಲ. ಭಾವ ಕಣ್ಣಂಚಿನಲ್ಲಿ ಅವಳ ಕೈ ನೋಡಿದರು. ಅದು ಅವರ ಹಳೆಯ ರೂಢಿ; ಅವಳ ಬೆರಳು ಇಳಿದದ್ದನ್ನು ಕಂಡರೇ ಅವರಿಗೆ ಧೈರ್ಯ. ಬೆರಳು ಇಳಿದಿದೆ, ಸದ್ದು ಬರುತ್ತಿಲ್ಲ. ಭಾವ ಕಾದರು. ಸಭಾಂಗಣವೂ ಕಾಯಿತು. ಕೊನೆಗೆ ಕದ ತಟ್ಟಿದ ಸದ್ದಾದಾಗ ಮುಂದಿನ ಸಾಲಿನ ಹೆಂಗಸೊಬ್ಬರು ಎದೆಗೆ ಕೈಯೊತ್ತಿಕೊಂಡರು.

ಮನೆಗೆ ಬಂದು ಲ್ಯಾಪ್‌ಟಾಪ್ ತಡಕಾಡಿದ ಗುಬ್ಬಿಯ ಗಂಡ ಕಾರಣ ಹೇಳಿದ. ಅವತ್ತು ಅವಳು ಚಾರ್ಜರ್ ಮರೆತಿದ್ದಳು. ಬ್ಯಾಟರಿ ಉಳಿಸಲು ಕಂಪ್ಯೂಟರ್ ತಾನೇ ತನ್ನ ಪ್ರೊಸೆಸರ್‌ನ ವೇಗವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿಕೊಂಡಿತ್ತು. ಒಂದೇ ಹೊತ್ತಿಗೆ ಮೂರು ಕೆಲಸ ಹೇಳಿದಾಗ ಅದು ಏದುಸಿರು ಬಿಟ್ಟಿದೆ, ಅಷ್ಟೇ. ಗುಬ್ಬಿ ಇದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು. ಫ್ರಿಜ್ಜಿನ ಬಾಗಿಲು ನೋಡಿದ ಮೇಲೆ ಬಾಯಿ ಬಿಡುವ ಮನಸ್ಸಾದರೂ ಯಾರಿಗೆ ಬಂದೀತು?

ಅಷ್ಟರಲ್ಲಿ ದೊಡ್ಡ ರಂಗಮಂದಿರವೊಂದರ ಆಯ್ಕೆ ಸಮಿತಿಯಿಂದ ಕರೆ ಬಂತು. ವಿಮರ್ಶೆ ಓದಿದ್ದಾರೆ, ಎರಡನೆಯ ಪ್ರದರ್ಶನಕ್ಕೆ ಬರುತ್ತಾರೆ, ಹಿಡಿಸಿದರೆ ತಮ್ಮಲ್ಲಿ ಆಡಿಸುತ್ತಾರೆ. ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಯಾವುದನ್ನೂ ಅದೃಷ್ಟಕ್ಕೆ ಬಿಡುವವಳಲ್ಲ. ಹೋದ ಸಲ ಸದ್ದು ತಡವಾಗಿದ್ದು ತನಗೆ ಗೊತ್ತಿಲ್ಲವೆಂದುಕೊಳ್ಳಬೇಡ, ಆ ಡಬ್ಬ ರಿಪೇರಿ ಮಾಡಿಸು ಎಂದು ತಂಗಿಗೆ ತಾಕೀತು ಮಾಡಿದಳು. ಗುಬ್ಬಿಯ ಗಂಡ ಇಂಟರ್‌ನೆಟ್ಟಿನಿಂದ ಒಂದು ಚಿಕ್ಕ ತಂತ್ರಾಂಶ ಇಳಿಸಿ ಹಾಕಿಕೊಟ್ಟ. ಪರದೆಯ ಮೂಲೆಯಲ್ಲಿ ಬಟಾಣಿಯಷ್ಟು ಗುರುತು, ಒತ್ತಿದರೆ ಮೂರು ಗುಂಡಿ: ನಿಧಾನ, ಮಧ್ಯಮ, ವೇಗ. ಯಾವುದನ್ನು ಆರಿಸಿದರೂ ಪ್ರೊಸೆಸರ್ ಆ ವೇಗದಲ್ಲೇ ನಿಲ್ಲುತ್ತದೆ, ಚಾರ್ಜರ್ ಇರಲಿ, ಬಿಡಲಿ.

ತಾಲೀಮಿನಲ್ಲಿ ‘ವೇಗ’ಕ್ಕೆ ಹಾಕಿದಳು. ಕೀಲಿ ಒತ್ತಿದ್ದೇ ಕದ ತಟ್ಟಿದ ಸದ್ದಾಯಿತು. ಮೌನಕ್ಕೆಂದು ಬಾಯಿ ಮುಚ್ಚಿದ್ದ ಭಾವ ಪೆಚ್ಚಾಗಿ ಎದ್ದು ಬಾಗಿಲು ತೆರೆದರು.

ಆಮೇಲೆ ಶುರುವಾಯಿತು ಪಡಿಪಾಟಲು. ಮೊದಲು, ಗುಬ್ಬಿಯೇ ಒಂದಿಷ್ಟು ತಡೆದು ಕೀಲಿ ಒತ್ತಲಿ ಎಂದಳು ಅಕ್ಕ. ಒತ್ತದೆ ಮೇಲೆತ್ತಿಕೊಂಡ ಬೆರಳು ಭಾವನಿಗೆ ಕಾಣುತ್ತಿತ್ತು; ಇಳಿಯುವವರೆಗೆ ಏನೂ ಆಗುವುದಿಲ್ಲವೆಂದು ಗೊತ್ತಿದ್ದರಿಂದ ಅವರ ಮುಖ ಹಲ್ಲಿನ ಡಾಕ್ಟರ ಮುಂದೆ ಕೂತವರ ಮುಖದಂತಾಯಿತು. ಸರಿ, ಕೈಮೇಲೆ ಬಟ್ಟೆ ಮುಚ್ಚಿದರು. ಕೈ ಕಾಣದೆ ಭಾವನಿಗೆ ಮಾತೇ ಮರೆಯಿತು. ಮನಸ್ಸಿನಲ್ಲೇ ಎಣಿಸುತ್ತೇನೆ ಎಂದರು. ತುಟಿ ಅಲ್ಲಾಡಿತು. ಕದದ ಹಿಂದೆ ನಿಂತು ನಿಂತು ಕಾಲು ಜೋಮು ಹಿಡಿದಿದ್ದ ಔಷಧಿ ಅಂಗಡಿಯವನು, ತಮ್ಮ ಬಂದದ್ದು ಬೇಡವಾದರೆ ಹಾಗೇ ಹೇಳಿಬಿಡಿ, ಹೊರಟುಹೋಗುತ್ತಾನೆ ಎಂದು ಗೊಣಗಿದ.

ಮರುದಿನ ಮಧ್ಯಾಹ್ನ ಭಾವ ಕನ್ನಡಕದ ಅಂಗಡಿಗೆ ಬಂದರು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಅಕ್ಷರ ಬರೆದ ಫಲಕವನ್ನು ಕೆಳಗಿನ ಸಾಲಿನವರೆಗೂ ಓದಿ, ಮೆಲ್ಲಗೆ ವಿಷಯಕ್ಕೆ ಬಂದರು. ಅಣ್ಣನ ಪಾತ್ರವನ್ನು ಬೇರೆ ಯಾರಿಗಾದರೂ ಕೊಡಲಿ. ಬಂದದ್ದು ಒಂದು ಸಲ ಬಂತು, ಮತ್ತೆ ಬರುವುದಿಲ್ಲ. ಇನ್ನು ಮೇಲೆ ತಾನು ರಂಗದ ಮೇಲೆ ಕುರ್ಚಿ ಜೋಡಿಸಿಕೊಂಡು ಇರುತ್ತೇನೆ ಎಂದರು.

ಗುಬ್ಬಿ ಕೈಯಲ್ಲಿದ್ದ ಗಾಜು ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು: ಮರೆತ ಚಾರ್ಜರ್, ಇಳಿದ ವೇಗ, ಮೂರು ಗುಂಡಿ.

ಭಾವ ಬಹಳ ಹೊತ್ತು ಸುಮ್ಮನಿದ್ದರು. ಈ ಸಲದ್ದು ನಟನೆಯಲ್ಲ.

“ಅಂದ್ರೆ ಪೇಪರಲ್ಲಿ ಬಂದದ್ದು ನನ್ನ ಬಗ್ಗೆ ಅಲ್ಲ. ಬ್ಯಾಟರಿ ಬಗ್ಗೆ.”

“ಹಾಗಲ್ಲ ಭಾವ. ಕಾದದ್ದು ನೀವೇ ತಾನೆ?”

“ಕಾಯದೆ ಇನ್ನೇನು ಮಾಡ್ಲಿ? ಎದ್ದು ಹೋಗೋಕಾಗುತ್ತಾ?” ಅವರು ಎದ್ದರು. ಬಾಗಿಲ ಬಳಿ ತಿರುಗಿದರು. “ಆ ನಿಧಾನದ ಗುಂಡಿ ಇನ್ನೂ ಇದೆ ಅಲ್ವಾ? ಅದನ್ನೇ ಒತ್ತಿಬಿಡು ಮಾರಾಯ್ತಿ.”

ಸಂಜೆ ‘ನಿಧಾನ’ಕ್ಕೆ ಹಾಕಿ ನೋಡಿದರು. ತಡ ಹಿಂದಿನಷ್ಟೇ ಇತ್ತು, ಭಾವ ಕೂತ ಭಂಗಿಯೂ ಅದೇ. ಆದರೂ ಉಪ್ಪಿಲ್ಲದಂತಿತ್ತು. ಸದ್ದು ತಡವಾಗಿ ಬರುತ್ತದೆ, ಬಂದೇ ಬರುತ್ತದೆ ಎಂಬುದು ಅವರ ಬೆನ್ನಿಗೂ ಗೊತ್ತಿತ್ತು. ದಿನಾ ಹತ್ತುವ ಬಸ್ಸಿಗೆ ಕಾದ ಹಾಗಿದೆ ಎಂದು ಅಕ್ಕ ಮುಲಾಜಿಲ್ಲದೆ ಹೇಳಿದಳು. ಪ್ರದರ್ಶನಕ್ಕೆ ಉಳಿದದ್ದು ಒಂದೇ ದಿನ. ಈ ಪ್ರದರ್ಶನ ಮುಗಿಸಿ ಬಣ್ಣ ಶಾಶ್ವತವಾಗಿ ಒರೆಸಿಬಿಡುತ್ತೇನೆ ಎಂದು ಭಾವ ಎಲ್ಲರ ಮುಂದೆಯೇ ಅಂದರು. ಅಕ್ಕ ತಡೆಯಲಿಲ್ಲ. ತಡೆಯಲಿಲ್ಲವಲ್ಲ ಎಂಬುದು ಗುಬ್ಬಿಗೆ ಚುಚ್ಚಿತು.

ಗುಬ್ಬಿ ಮನೆಗೆ ನಡೆದು ಹೋಗುತ್ತಾ ಅದನ್ನೇ ತಿರುವಿಹಾಕಿದಳು. ಮೊದಲ ಸಲ ಭಾವ ಕಾದದ್ದಕ್ಕೂ ಇವತ್ತು ಕಾದದ್ದಕ್ಕೂ ಏನು ವ್ಯತ್ಯಾಸ? ಹೊತ್ತಿನದಲ್ಲ. ಅವತ್ತು ಅವರಿಗೆ ಏನೂ ತಿಳಿದಿರಲಿಲ್ಲ. ಪ್ರದರ್ಶನದ ಸಂಜೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಭಾವನ ಕಿವಿಯ ಬಳಿ ಬಗ್ಗಿದಳು.

“ಭಾವ, ಇವತ್ತು ಯಾವ ಗುಂಡಿ ಒತ್ತುತ್ತೀನಿ ಅಂತ ನಿಮಗೆ ಹೇಳಲ್ಲ.”

“ನಿನ್ನ ದಮ್ಮಯ್ಯ. ಇವತ್ತೊಂದಿನ ಹೇಳಿಬಿಡು.”

“ಊಹೂಂ.”

ಸಭಾಂಗಣ ಮುಕ್ಕಾಲು ತುಂಬಿತ್ತು. ಸಮಿತಿಯವರು ಮೂವರು, ಮಡಿಲಲ್ಲಿ ಕೋಟು ಮಡಿಸಿಟ್ಟುಕೊಂಡು ನಡುವಿನ ಸಾಲಿನಲ್ಲಿದ್ದರು. ಗುಬ್ಬಿಯ ಲೆಕ್ಕ ‘ನಿಧಾನ’ವೇ ಆಗಿತ್ತು, ಗೊತ್ತಿಲ್ಲದಿದ್ದರೆ ಸಾಕು, ಮೌನ ತಾನಾಗಿ ಹಿಂದಿನ ರುಚಿಗೆ ಬರುತ್ತದೆ ಎಂದುಕೊಂಡಿದ್ದಳು. ಕೊನೆಯ ದೃಶ್ಯ ಬಂತು. ಭಾವ ಕುರ್ಚಿಯಲ್ಲಿ ಕೂತರು. ಅವರನ್ನು ನೋಡಿದ್ದೇ ಅವಳಿಗೆ ಸಂಗತಿ ತಿಳಿಯಿತು. ಹೇಳದಿದ್ದರೂ ಅವರು ತಾವೇ ನಿಶ್ಚಯಿಸಿಕೊಂಡಿದ್ದರು. ಭುಜ ಇಳಿಬಿಟ್ಟು, ಉಸಿರು ಹದಮಾಡಿಕೊಂಡು, ಮೌನವನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಮೊದಲೇ ತೆಗೆದಿಟ್ಟುಕೊಂಡಿದ್ದರು. ನಾದಿನಿ ತನ್ನನ್ನು ಕೈಬಿಡುವುದಿಲ್ಲ, ‘ನಿಧಾನ’ವನ್ನೇ ಒತ್ತುತ್ತಾಳೆ ಎಂಬ ನಂಬಿಕೆ ಕೂತ ರೀತಿಯಲ್ಲೇ ಇತ್ತು.

ಗುಬ್ಬಿ ಮೂಲೆಯ ಗುರುತು ಒತ್ತಿ, ‘ವೇಗ’ವನ್ನು ಆರಿಸಿದಳು.

“ಇನ್ನು ಅವನು ಬರೋದಿಲ್ಲ,” ಎಂದರು ಭಾವ. ಕಣ್ಣು ಅವಳ ಕೈಯತ್ತ ಹೊರಳಿತು. ಬೆರಳು ಇಳಿಯಿತು. ಅವರ ಕಣ್ಣು ಮರಳುವ ಮೊದಲೇ ಗಾಳಿ ಬೀಸಿ, ಬೆಳಕು ಕುಸಿದು, ಕದ ತಟ್ಟಿದ ಸದ್ದಾಯಿತು.

ಭಾವ ಬೆಚ್ಚಿದರು. ಎರಡೂ ಕೈ ಕುರ್ಚಿಯನ್ನು ಹಿಡಿದವು. ತೆಗೆದಿಟ್ಟುಕೊಂಡದ್ದೆಲ್ಲ ಚೆಲ್ಲಿಹೋಗಿ, ಅವರ ಮುಖದ ಮೇಲೆ ಇಂಥದ್ದು ಎಂದು ಹೇಳಲಾಗದ ಏನೋ ಬಂತು. ಹೆದರಿಕೆಯೂ ಹೌದು, ಆಸೆಯೂ ಹೌದು. ಈಗ ಎದ್ದು ಬಾಗಿಲು ತೆರೆಯಬೇಕು. ಅವರು ಏಳಲಿಲ್ಲ. ಬಾಗಿಲನ್ನೇ ನೋಡುತ್ತಾ ಕೂತರು. ಪರದೆಯ ಹಿಂದೆ ಅಕ್ಕ ಹಣೆಗೆ ಕೈ ಹಚ್ಚಿಕೊಂಡಳು. ಸಮಿತಿಯವರಲ್ಲೊಬ್ಬರು ಮುಂದಕ್ಕೆ ಬಾಗಿದರು.

ಮೌನ ಸದ್ದಿನ ಆಚೆ ಬದಿಗೆ ಹೋಗಿ ಕೂತಿತ್ತು. ಅದು ಎಲ್ಲಿಯವರೆಗೆ ಎಂದು ಈ ಸಲ ಯಾವ ಯಂತ್ರಕ್ಕೂ ಗೊತ್ತಿರಲಿಲ್ಲ.

ಗುಬ್ಬಿಗೆ ತಡೆಯಲಾಗಲಿಲ್ಲ. ನಾಟಕದಲ್ಲಿಲ್ಲದ ಕೆಲಸ ಮಾಡಿದಳು: ಅದೇ ಕೀಲಿಯನ್ನು ಇನ್ನೊಮ್ಮೆ ಒತ್ತಿದಳು. ಗಾಳಿ ಮತ್ತೆ ಬೀಸಿ, ಕದ ತಟ್ಟಿದ ಸದ್ದು ಎರಡನೆಯ ಸಲ ಕೇಳಿತು. ಭಾವ ಎಡಕ್ಕೆ ನೋಡಲೇ ಇಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, ಇಷ್ಟು ದಿನ ಎಣಿಸಿ ನಡೆದಿದ್ದ ದೂರವನ್ನು ಎಣಿಸದೆ ನಡೆದು ಬಾಗಿಲು ತೆರೆದರು. ಆಚೆ ನಿಂತಿದ್ದ ಔಷಧಿ ಅಂಗಡಿಯವನು ಅವರ ಮುಖ ನೋಡಿ ಒಂದು ಕ್ಷಣ ತನ್ನ ಮಾತನ್ನೇ ಮರೆತ.

ನಾಟಕ ಮುಗಿದ ಮೇಲೆ ಸಮಿತಿಯವರು ಬಣ್ಣದ ಕೋಣೆಗೇ ಬಂದರು. ದಿನಾಂಕ ತಿಳಿಸುತ್ತೇವೆ ಎಂದರು, ಎರಡು ಸಲ ಕದ ತಟ್ಟಿಸುವ ಯೋಚನೆ ಚೆನ್ನಾಗಿದೆ ಎಂದರು. ಅದು ತನ್ನದೇ ಯೋಚನೆ ಎಂಬಂತೆ ಅಕ್ಕ ತಲೆದೂಗಿದಳು. ಅವರು ಹೋದ ಮೇಲೆ ತಂಗಿಯ ಕಿವಿ ಹಿಂಡಿದಳು, ಅಷ್ಟೇನೂ ನೋವಾಗದಂತೆ.

ಬಣ್ಣ ಒರೆಸಿಕೊಳ್ಳಲು ಕೂತಿದ್ದ ಭಾವ ಇನ್ನೂ ಒರೆಸಿರಲಿಲ್ಲ. ಗುಬ್ಬಿ ಹತ್ತಿರ ಹೋಗಿ ನಿಂತಳು. ಬೈಗುಳಕ್ಕೆ ಸಿದ್ಧವಾಗಿಯೇ ಹೋಗಿದ್ದಳು. ಯಾವ ಗುಂಡಿ ಒತ್ತಿದೆ ಎಂದು ಭಾವ ಕೇಳಲಿಲ್ಲ. ಕನ್ನಡಿಯಲ್ಲೇ ಅವಳನ್ನು ನೋಡಿದರು.

“ಆ ರಂಗಮಂದಿರಕ್ಕೆ ಹೋದಾಗ ನಿನ್ನ ಮೇಜು ಹಿಂದೆ ಎಲ್ಲಾದ್ರೂ ಹಾಕ್ಕೋ,” ಎಂದರು. “ಎಡಗಡೆ ನೀನಿದ್ರೆ ನನಗೆ ಅಡ್ಡ ಆಗುತ್ತೆ.”