ಎರಡು ಡಿಸ್ಕು ಒಂದಾದ ಮೇಲೆ

ನನ್ನ ಗಂಡನಿಗೆ ಗೊತ್ತಿಲ್ಲದ ವಿಷಯವಿಲ್ಲ. ಮಿಕ್ಸಿ ಕೆಟ್ಟರೂ ಇವರೇ, ಕಂಪ್ಯೂಟರ್ ಕೆಟ್ಟರೂ ಇವರೇ, ಕೆಡದಿದ್ದರೂ ಇವರೇ. ಹಾಗಾಗಿ ಅಕ್ಕ, ಅಂದರೆ ಇವರ ಅಣ್ಣನ ಹೆಂಡತಿ, ತನ್ನ ಕಂಪ್ಯೂಟರ್ ತೆವಳುತ್ತಿದೆ ಎಂದು ಬಾಯಿತಪ್ಪಿ ಅಂದದ್ದೇ ತಡ, ಇವರು ತೋಳೇರಿಸಿದರು.

ಅಕ್ಕ ಬೇರೆಯವರ ವಿಡಿಯೊ ಎಡಿಟ್ ಮಾಡಿ ಮಾಡಿ ಕಣ್ಣು ಸವೆಸಿದವಳು. ಈಗ ಮೊದಲ ಸಲ ತನ್ನದೇ ಚಿತ್ರ ಮಾಡುತ್ತಿದ್ದಳು, ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರ ಬಗ್ಗೆ. ಚಿತ್ರೀಕರಣ ಮುಗಿಯುತ್ತಲೇ ಅವರು ತೀರಿಕೊಂಡರು. ಅದಕ್ಕೇ ಅಕ್ಕ ಎಲ್ಲವನ್ನೂ ಎರಡು ದೊಡ್ಡ ಹಾರ್ಡ್ ಡಿಸ್ಕುಗಳಲ್ಲಿ ಇಟ್ಟಿದ್ದಳು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು.

ಇವರು ಮೊದಲು ಮಾಡಿದ್ದು ಸರಿಯಾಗಿಯೇ ಇತ್ತು. ಚಿಕ್ಕದೊಂದು ಎಸ್‌ಎಸ್‌ಡಿ, ಅಂದರೆ ವೇಗದ ಹೊಸ ಬಗೆಯ ಡಿಸ್ಕು, ತಂದು ಸಾಫ್ಟ್‌ವೇರ್‌ಗಳನ್ನೆಲ್ಲ ಅದಕ್ಕೆ ಸಾಗಿಸಿದರು. ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ದೊಡ್ಡ ಡಿಸ್ಕುಗಳೆರಡನ್ನೂ ಅಳಿಸಿ ಒಂದಾಗಿ ಜೋಡಿಸಿದರು. ಪ್ರತಿ ಫೈಲಿನ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಎರಡೂ ಒಟ್ಟಿಗೆ ಓಡಿದರೆ ವೇಗ ಹೆಚ್ಚಂತೆ. ಅಳಿಸುವ ಮುನ್ನ ಚಿತ್ರವನ್ನು ನಮ್ಮ ಪೋರ್ಟಬಲ್ ಡಿಸ್ಕಿಗೆ ಹಾಕಿಕೊಂಡಿದ್ದರು, ಆಮೇಲೆ ವಾಪಸ್ ತುಂಬಿದರು. ಕಂಪ್ಯೂಟರ್ ಕುದುರೆಯಂತಾಯಿತು.

ಅಕ್ಕ ಕೇಳಿದ್ದು ಒಂದೇ ಮಾತು. "ಚಿತ್ರ ಇನ್ನೂ ಎರಡು ಕಡೆ ಇದೆ ತಾನೆ?"

"ಇದೆ ಅತ್ತಿಗೆ, ನನ್ನ ಹತ್ರಾನೂ ಒಂದಿದೆ, ಯೋಚನೆ ಮಾಡ್ಬೇಡಿ," ಎಂದರು ಇವರು.

ಇತ್ತು, ನಿಜ. ಆದರೆ ಮುಂದಿನ ಭಾನುವಾರ ನನ್ನ ಧಾರಾವಾಹಿಗಳಿಗೆ ಜಾಗ ಬೇಕಾಯಿತು. ನಮ್ಮ ಡಿಸ್ಕು ಭರ್ತಿಯಾಗಿತ್ತು. ಅಕ್ಕನ ಚಿತ್ರ ಅಳಿಸಿಬಿಡಲೇ ಎಂದು ಇವರು ಕೇಳಿದರು. ಅಕ್ಕ ಕೇಳಿದ್ದು ನನಗೆ ನೆನಪಿತ್ತು. ಆದರೂ ಹೂಂ ಅಂದೆ.

ಮೊನ್ನೆ ಅಕ್ಕನ ಜೋಡಿ ಡಿಸ್ಕುಗಳಲ್ಲಿ ಒಂದು ಕೈಕೊಟ್ಟಿತು. ಇನ್ನೊಂದರಲ್ಲಿ ಉಳಿದ ಚೂರುಗಳು ಯಾವ ಕೆಲಸಕ್ಕೂ ಬರಲಿಲ್ಲ, ರಿಪೇರಿಯವರೂ ಕೈಚೆಲ್ಲಿದರು. ಇವರು ಅಕ್ಕನ ಮುಂದೆ ನಿಂತು ಎಲ್ಲ ಒಪ್ಪಿಕೊಂಡರು, ನನ್ನ ಧಾರಾವಾಹಿಯನ್ನೂ ಬಿಡದೆ. ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅಕ್ಕ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ಮುದುಕರನ್ನು ಇನ್ನೊಮ್ಮೆ ಕ್ಯಾಮೆರಾ ಮುಂದೆ ಕೂರಿಸೋಕಾಗಲ್ವಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು.

ಇವತ್ತು ಊಟಕ್ಕೆ ಕೂತಾಗ, ಚಿತ್ರ ಎಲ್ಲಿಗೆ ಬಂತು ಎಂದು ಭಾವ ವಿಚಾರಿಸಿದರು. ಅವರ ಸಿಟ್ಟು ಮನೆಗೆಲ್ಲ ಗೊತ್ತು.

"ಹೋಯ್ತು. ನಾನೇ ಕೈತಪ್ಪಿ ಅಳಿಸಿಬಿಟ್ಟೆ," ಎಂದಳು ಅಕ್ಕ.

ಭಾವ ಹಣೆ ಚಚ್ಚಿಕೊಂಡರು. ಇಷ್ಟು ವರ್ಷ ಅದೇ ಕೆಲಸ ಮಾಡಿ ಅಷ್ಟೂ ಗೊತ್ತಾಗಲ್ಲವೇ ಎಂದು ನಮ್ಮೆದುರಿಗೇ ಅವಳಿಗೆ ಮಂಗಳಾರತಿ ಮಾಡಿದರು. ಆಮೇಲೆ ತಮ್ಮನ ಕಡೆ ತಿರುಗಿದರು.

"ನೀನಾದ್ರೂ ಇವಳಿಗೆ ಸ್ವಲ್ಪ ಹೇಳಿಕೊಡಬಾರದೇನೋ?"

ಇವರ ಕಿವಿ ಕೆಂಪಾಯಿತು. ನಿಜ ಹೇಳಲು ಬಾಯಿ ತೆರೆದರು. ಮೇಜಿನ ಕೆಳಗೆ ನಾನು ಇವರ ಕಾಲು ತುಳಿದೆ.

"ಆಗ್ಲಿ ಅಣ್ಣ," ಎಂದರು.

ತುಳಿದದ್ದನ್ನು ಅಕ್ಕ ನೋಡಿದಳು. ನನ್ನ ಲೋಟಕ್ಕೆ ನೀರು ಬಗ್ಗಿಸಿದಳು. ನಾಚಿಕೆಯಾಗಿ ಆ ಲೋಟವನ್ನು ಅವಳ ಕಡೆಗೇ ಸರಿಸಿದೆ.