ಒಗೆಯಬಾರದಿದ್ದ ಅಂಗಿ

ರೈಲು ಹಳಿಯಾಚೆಯ ಓಣಿಯವರು ಆಸ್ಪತ್ರೆಯ ಬಟ್ಟೆ ಒಗೆದು ಬದುಕುವವರು. ಬೆಳಗ್ಗೆ ಕೈಗಾಡಿಯಲ್ಲಿ ಕೊಳೆ ಬಟ್ಟೆಯ ಮೂಟೆ ಬರುವುದು, ಸಂಜೆ ಅದೇ ಗಾಡಿಯಲ್ಲಿ ಮಡಿಕೆ ಮುರಿಯದ ಬಿಳಿ ಹಾಸುಗಳು ಹಿಂದಿರುಗುವುದು. ಓಣಿಯ ತುದಿಮನೆಯಲ್ಲಿ ಅಜ್ಜಿ ಬಟ್ಟೆ ನೆನೆಹಾಕುತ್ತಿದ್ದಳು, ಮಗ ಗಾಡಿ ತಳ್ಳುತ್ತಿದ್ದ, ಅವನ ಬಸುರಿ ಹೆಂಡತಿ ಇಸ್ತ್ರಿ ಹಾಕುತ್ತಿದ್ದಳು, ಕಿರಿಮಗಳು ಚೂಟಿ ಅವನ್ನು ಮಡಿಸುತ್ತಿದ್ದಳು. ಕಲೆ ತೆಗೆಯುವ ಕೆಲಸ ಆ ಮಕ್ಕಳ ತಾಯಿ, ಮನೆಯೊಡತಿಯದು. ರಕ್ತವೋ ಕೀವೋ ಔಷಧಿಯೋ, ಅವಳ ಕೈಗೆ ಬಿದ್ದ ಕಲೆ ಉಳಿದದ್ದಿಲ್ಲ. ಓಣಿಯಲ್ಲಿ ಅವಳ ಹೆಸರೇ ಸಾಬೂನಮ್ಮ. ಇವಳನ್ನು ಮೇಲಕ್ಕೆ ಕಳಿಸಿದರೆ ಚಂದ್ರನನ್ನೂ ಉಜ್ಜಿ ಬರುತ್ತಾಳೆ ಎಂದು ನೆರೆಯವರು ನಗುತ್ತಿದ್ದರು.

ಹಳಿಯಾಚೆಯವರಿಗೆ ಆಸ್ಪತ್ರೆಯ ಮುಂಬಾಗಿಲಿನಲ್ಲಿ ಪ್ರವೇಶವಿರಲಿಲ್ಲ. ಹಿಂದಿನ ಜಗಲಿಯಲ್ಲಿ ಕೂರಬೇಕು; ಪಟ್ಟಣದವರೆಲ್ಲ ಮುಗಿದ ಮೇಲೆ ವೈದ್ಯರು ಬಂದರೆ ಬಂದರು. ಹಾಸು ಮಡಿಸುತ್ತಾ ಚೂಟಿ ಒಂದು ದಿನ ಕೇಳಿದಳು: "ನಾವು ಒಗೆದ ಬಟ್ಟೆ ಮುಂಬಾಗಿಲಿಂದ ಹೋಗಿ ಮಂಚದ ಮೇಲೆ ಮಲಗುತ್ತೆ. ನಾವ್ಯಾಕಮ್ಮ ಜಗಲೀಲಿ ಸಾಯಬೇಕು?"

ನಿನ್ನ ಬಾಯಿಗೂ ಒಂದಿಷ್ಟು ಇಸ್ತ್ರಿ ಹಾಕಿಕೋ ಎಂದಳು ಅಜ್ಜಿ. ಆದರೆ ಓಣಿಯ ಹುಡುಗರೂ ಹೆಂಗಸರೂ ಮುಂಬಾಗಿಲಿಗೆ ಮೆರವಣಿಗೆ ಹೊರಟ ದಿನ ಸಾಬೂನಮ್ಮ ಮಗಳ ಕೆಲಸದ ಬಿಳಿ ಅಂಗಿಗೆ ತಾನೇ ಗಂಜಿ ಹಾಕಿ ಕೊಟ್ಟಳು.

ಮೆಟ್ಟಿಲ ಹತ್ತಿರ ಕಾವಲಿನವರು ಲಾಠಿ ಬೀಸಿದರು. ಜನ ಚಪ್ಪಲಿ ಬಿಟ್ಟು ಓಡಿದರು. ಚೂಟಿಯನ್ನು ನಾಲ್ಕು ಜನ ಹೊತ್ತು ತಂದಾಗ ಉಸಿರು ನಿಂತಿತ್ತು. ನಿಮ್ಮವರ ನೂಕುನುಗ್ಗಲಿನಲ್ಲಿ ನಿಮ್ಮವರೇ ತುಳಿದಿದ್ದಾರೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು.

ಮಣ್ಣು ಮುಗಿಸಿ ಬಂದ ಸಂಜೆ ನರ್ಸಮ್ಮ ಬಂದಳು. ಅದೇ ಆಸ್ಪತ್ರೆಯಲ್ಲಿ ದುಡಿದವಳು, ಮೆರವಣಿಗೆಯಲ್ಲಿ ನಡೆದದ್ದಕ್ಕೆ ಕೆಲಸ ಕಳೆದುಕೊಂಡವಳು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳು ಆ ದಿನದ ಗುರುತುಗಳನ್ನೆಲ್ಲ ಕೂಡಿಡುತ್ತಿದ್ದಳು: ಬೀದಿಯಲ್ಲಿ ಆಯ್ದ ಚಪ್ಪಲಿಗಳ ಗೋಣಿಚೀಲ, ಹರಿದ ರಟ್ಟಿನ ಫಲಕಗಳು, ಹಳೆಯ ಹಾಸಿನ ಮೇಲೆ ಬರೆದ ಬ್ಯಾನರು, ತೋಳಿಗೆ ಕಟ್ಟಿದ್ದ ಪಟ್ಟಿಗಳು. ಚೂಟಿಯ ಅಂಗಿಯನ್ನು ಮನೆಯ ದೀಪದ ಬಳಿ ಹಿಡಿದು ನೋಡಿದಳು. ಕುತ್ತಿಗೆಯ ಹಿಂದೆ ರಕ್ತ. ಅದರ ಕೆಳಗೆ, ಬೆನ್ನ ನಡುವೆ, ರಕ್ತ ಕೆಸರು ಬೆರೆತು ಒಂದು ಬೂಟಿನ ಅಚ್ಚು, ಅಟ್ಟೆಯ ಗೆರೆಗೆರೆಯೂ ಕಾಣುವಂತೆ.

"ಸಾಬೂನಮ್ಮ, ಮೆರವಣಿಗೇಲಿ ಬೂಟು ಹಾಕಿದವರು ಯಾರಿದ್ರು ಹೇಳಿ. ನನ್ನ ಚೀಲದಲ್ಲಿರೋದೆಲ್ಲ ಚಪ್ಪಲಿ. ಈ ಸಾವಿನ ಬಗ್ಗೆ ಸರ್ಕಾರದವರು ವಿಚಾರಣೆ ಮಾಡ್ತಾರೆ. ಆ ದಿನ ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ನೀರು ಸೋಕಿಸಬೇಡಿ. ಈಗಲೇ ನನ್ನ ಕೈಗೆ ಕೊಡಿ, ಇನ್ನೂ ಒಳ್ಳೇದು."

ಮಗಳ ಮೈಯ ವಾಸನೆ ಇನ್ನೂ ಅದರಲ್ಲಿತ್ತು. ಸಾಬೂನಮ್ಮನಿಗೆ ಬಿಡಲು ಮನಸ್ಸಾಗಲಿಲ್ಲ. ವಿಚಾರಣೆಯ ದಿನ ನಾನೇ ತರುತ್ತೇನೆ ಎಂದಳು. ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಳು.

ಆ ಓಣಿಯಲ್ಲಿ ಮುತ್ತಜ್ಜಿಯರ ಕಾಲದಿಂದ ಒಂದು ನೇಮವಿತ್ತು. ರಕ್ತ ಬಿದ್ದ ಬಟ್ಟೆಯನ್ನು ಒಗೆಯದೆ ಸೂರಿನಡಿ ಇಡಬಾರದು. ಇಟ್ಟರೆ ಆ ರಕ್ತ ಮನೆಯಲ್ಲಿ ಇನ್ನೊಂದು ಜೀವವನ್ನು ಕೇಳುತ್ತದೆ. ಇದನ್ನು ಯಾರು ಕಂಡರು, ಯಾವ ಮನೆಯಲ್ಲಿ ಕಂಡರು ಎಂದು ಯಾರೂ ಕೇಳಿದವರಲ್ಲ. ಕೇಳದೆ ಇರುವುದೇ ದೊಡ್ಡವರಿಗೆ ಕೊಡುವ ಮರ್ಯಾದೆ ಎಂದು ತಿಳಿದವರು ನಮ್ಮಲ್ಲಿ ಇನ್ನೂ ಎಷ್ಟೋ ಜನ.

ಅಜ್ಜಿಗೆ ಪೆಟ್ಟಿಗೆಯ ಸುಳಿವು ಸಿಕ್ಕಿತು. ಸತ್ತವಳಂತೂ ಹೋದಳು, ಹೊಟ್ಟೆಯಲ್ಲಿರುವ ಕೂಸಿನ ಗತಿಯೇನು ಎಂದು ಹಿಡಿದುಕೊಂಡಳು. ಊಟಕ್ಕೆ ಕೂತರೆ ಅದೇ ಮಾತು, ಬಟ್ಟೆ ಹಿಂಡುವಾಗಲೂ ಅದೇ ಮಾತು. ನೆರೆಯವರು ನೀರಿಗೆ ಬಂದವರು ಹೊಸಿಲು ದಾಟದೆ ಹಿಂದಿರುಗತೊಡಗಿದರು.

ನರ್ಸಮ್ಮ ಬಂದು ತಿಳಿಹೇಳಿದಳು. ಆಸ್ಪತ್ರೆಯಿಂದ ಈ ಓಣಿಗೆ ದಿನಾ ಮೂಟೆಗಟ್ಟಲೆ ರಕ್ತದ ಬಟ್ಟೆ ಬರುತ್ತದಲ್ಲ, ಎಷ್ಟೋ ಸಲ ಬೆಳಗಿನವರೆಗೂ ಮೂಲೆಯಲ್ಲಿ ಬಿದ್ದಿರುತ್ತದಲ್ಲ, ಅದು ಯಾರ ಜೀವ ಕೇಳಿತು ಎಂದಳು.

"ಅದು ಪರರ ರಕ್ತ ಕಣಮ್ಮ," ಎಂದಳು ಅಜ್ಜಿ. "ಪರರ ರಕ್ತಕ್ಕೆ ನಮ್ಮ ಮನೆ ಗುರುತಿರಲ್ಲ. ನೀನು ಓದಿದವಳು, ನಿನ್ನ ಬಾಯಿಗೆ ನಾನು ಸಮ ಅಲ್ಲ. ಹೆರೋದು ನೀನಲ್ಲವಲ್ಲ."

ನರ್ಸಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಸಾಬೂನಮ್ಮ ಹಟ ಬಿಡಲಿಲ್ಲ. ಆದರೆ ಒಂದು ಮಧ್ಯಾಹ್ನ ಇಸ್ತ್ರಿಯ ಮೇಜಿನ ಬಳಿ ಸೊಸೆ ಹೊಟ್ಟೆ ಹಿಡಿದು ಕುಸಿದಳು. ಸೀರೆಯೆಲ್ಲ ಕೆಂಪಾಗಿತ್ತು. ಮಗ ಅವಳನ್ನು ಕೈಗಾಡಿಯಲ್ಲಿ ಮಲಗಿಸಿದವನು ಹಿಂತಿರುಗಿ ತಾಯಿಯನ್ನು ನೋಡಿದ.

"ಅಮ್ಮಾ, ಒಂದು ಅಂಗಿ ನಿನಗೆ ನಮಗಿಂತ ಹೆಚ್ಚಾಯ್ತಾ?"

ಗಾಡಿ ಓಣಿ ದಾಟಿತು. ಸಾಬೂನಮ್ಮ ಪೆಟ್ಟಿಗೆ ತೆರೆದಳು. ಅಂಗಿಯನ್ನು ನೀರಿಗಿಳಿಸಿದಳು. ಒಣಗಿ ಕೂತ ರಕ್ತವನ್ನು ಹೇಗೆ ಸಡಿಲಿಸಬೇಕು, ಕೆಸರಿನ ಅಂಚನ್ನು ಯಾವ ಕಡೆಯಿಂದ ಉಜ್ಜಬೇಕು ಎಂಬುದು ಬೆರಳುಗಳಿಗೇ ಗೊತ್ತಿತ್ತು. ಸಾಮಾನ್ಯ ಕೈಯಾಗಿದ್ದರೆ ಮಂಕಾಗಿಯಾದರೂ ಏನೋ ಉಳಿಯುತ್ತಿತ್ತು. ಬೂಟಿನ ಅಚ್ಚು ಗೆರೆಗೆರೆಯಾಗಿ ನೀರಿಗೆ ಹೋಯಿತು. ಅಂಗಿ ಹೊಸದರಂತಾಯಿತು.

ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಸೊಸೆ ತನ್ನ ಸರದಿಗೆ ಕಾದಳು. ಪಟ್ಟಣದವರೆಲ್ಲ ಮುಗಿದು ವೈದ್ಯರು ಬರುವಷ್ಟರಲ್ಲಿ ಕೂಸು ಹೋಗಿತ್ತು.

ಇಷ್ಟಾದ ಮೇಲಾದರೂ ನೇಮ ಸುಳ್ಳೆಂದು ಅಜ್ಜಿ ಒಪ್ಪಿದಳೆಂದುಕೊಂಡರೆ ಅದು ನಮ್ಮ ಆಸೆ ಮಾತ್ರ. "ತಡವಾಗಿ ಒಗೆದಳು," ಎಂದಳು ಅಜ್ಜಿ. ಓಣಿಯೂ ಹಾಗೇ ಎಂದಿತು. ಜಗಲಿಯ ಮಾತನ್ನು ಯಾರೂ ಎತ್ತಲಿಲ್ಲ.

ವಿಚಾರಣೆಯಲ್ಲಿ ಅಧಿಕಾರಿ ಅಂಗಿಯನ್ನು ಮುಂದೆ ಹಿಂದೆ ತಿರುಗಿಸಿದ. ಒಗೆತ ಚೆನ್ನಾಗಿದೆ, ಆದರೆ ಇದರಲ್ಲಿ ನೋಡುವಂಥದ್ದು ಏನಿದೆ ಎಂದ. ನಾನೇ ಒಗೆದೆ, ಇಲ್ಲಿ ಬೂಟಿನ ಅಚ್ಚು ಇತ್ತು ಎಂದು ಸಾಬೂನಮ್ಮ ಬಿಳಿ ಬಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದಳು. ಬರೀ ಚಪ್ಪಲಿಯ ಚೀಲ ಹಿಡಿದು ನಿಂತಿದ್ದ ನರ್ಸಮ್ಮ ಅದನ್ನು ಬಿಚ್ಚಲೂ ಇಲ್ಲ. ನೂಕುನುಗ್ಗಲಿನ ಸಾವೆಂದು ತೀರ್ಮಾನವಾಯಿತು.

ಸಾಬೂನಮ್ಮ ಅಂಗಿಯನ್ನು ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಕೊಟ್ಟುಬಂದಳು. ನರ್ಸಮ್ಮ ಅದನ್ನು ಬ್ಯಾನರಿನ ಪಕ್ಕ ತೂಗುಹಾಕಿದಳು. ನೋಡಲು ಬಂದವರು, ಇದು ಇಲ್ಲಿ ಯಾಕಿದೆ ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಮತ್ತೆ ಮೆರವಣಿಗೆ ಹೊರಟಿತು. ಮತ್ತೆ ಲಾಠಿ. ಪಕ್ಕದ ಮನೆಯ ಹುಡುಗನನ್ನು ಹೊತ್ತು ತಂದರು. ಮಣ್ಣು ಮುಗಿಯುತ್ತಲೇ ಸಾಬೂನಮ್ಮ ಓಡಿದಳು. ಹುಡುಗನ ತಾಯಿ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಬಕೆಟ್ಟಿನ ನೀರು ಆಗಲೇ ಕೆಂಪಗಾಗಿತ್ತು.

ಒಗೆಯಬೇಡ, ನನ್ನನ್ನು ನೋಡಿಯಾದರೂ ಬಿಡು ಎಂದು ಸಾಬೂನಮ್ಮ ಅವಳ ಮಣಿಕಟ್ಟು ಹಿಡಿದಳು.

"ನಿನ್ನನ್ನ ನೋಡೇ ಅಕ್ಕ ಇಷ್ಟು ಬೇಗ ಕೂತಿದ್ದು. ನನಗಿನ್ನೂ ಎರಡು ಮಕ್ಕಳಿದ್ದಾವೆ." ಅವಳು ಕೈ ಬಿಡಿಸಿಕೊಂಡು ಒದ್ದೆ ಅಂಗಿಯನ್ನು ಎತ್ತಿ ತೋರಿಸಿದಳು. "ಬೆನ್ನ ಮೇಲಿನ ಈ ಗುರುತು ಮಾತ್ರ ಎಷ್ಟು ಉಜ್ಜಿದರೂ ಹೋಗ್ತಿಲ್ಲ. ಇದನ್ನ ಹೆಂಗೆ ತೆಗೀತೀಯ?"

ಸಾಬೂನಮ್ಮ ಆ ಗುರುತನ್ನು ನೋಡಿದಳು. "ನನಗೆ ಗೊತ್ತಿಲ್ಲ," ಎಂದಳು.

ಇಂಥ ಹೊತ್ತಿನಲ್ಲೂ ವಿದ್ಯೆ ಮುಚ್ಚಿಡುತ್ತಾಳಲ್ಲ ಎಂದು ಆ ತಾಯಿ ಗಳಗಳನೆ ಅತ್ತಳು. ಗೋಡೆಯಾಚೆಯಿಂದ ಅಜ್ಜಿಗೆ ಕೇಳಿಸಿತು. ಮುದುಕಿ ತನ್ನ ಹಿತ್ತಲಿನ ಕಲ್ಲು ಹತ್ತಿ ಗೋಡೆಯ ಮೇಲೆ ಮೊಗವಿಟ್ಟು, ಅಳಬೇಡ ಮಗಳೇ, ತಣ್ಣೀರಿಗೆ ಹಿಡಿ ಉಪ್ಪು ಹಾಕು, ಒಳಮೈಯಿಂದ ಉಜ್ಜು ಎಂದು ನಿಧಾನವಾಗಿ, ಒಂದೂ ತಪ್ಪದಂತೆ ಹೇಳಿಕೊಡತೊಡಗಿದಳು.